ಸಾಂತಾ ತಾತನ ಉಡುಗೊರೆ ಇಡಲೇ, ಬೇಡವೇ?

ಪ್ರಶ್ನೆ: ನಾವಿರುವುದು ಕಾರವಾರದ ಕಾಜುಬಾಗದಲ್ಲಿ. ಮಗಳಿಗೆ ಏಳು ವರ್ಷ. ಪಕ್ಕದ ಮನೆಯವರು ಕ್ರೈಸ್ತರು, ಅವರು ಗೋದಲಿ ಕಟ್ಟುವಾಗ ಇವಳೂ ಹಾಜರ್. ಎರಡು ವರ್ಷದಿಂದ ಕ್ರಿಸ್‌ಮಸ್ ರಾತ್ರಿ ಅವಳ ದಿಂಬಿನ ಕೆಳಗೆ ನಾನೇ ಏನಾದರೂ ಇಟ್ಟು 'ಸಾಂತಾ ತಾತ ತಂದಿದ್ದು' ಅನ್ನುತ್ತಿದ್ದೇನೆ. ನಮ್ಮ ಯಜಮಾನರು 'ಮಗುವಿಗೆ ಸುಳ್ಳು ಹೇಳಬೇಡ' ಅನ್ನುತ್ತಾರೆ. ಈ ವರ್ಷ ಏನು ಮಾಡಲಿ?
- ಓದುಗರೊಬ್ಬರು, ಕಾರವಾರ

ಉತ್ತರ: ಇಡಿ. ಯಜಮಾನರು ಚಿಕ್ಕವರಿದ್ದಾಗ ಬಿದ್ದ ಹಲ್ಲನ್ನು ಸಗಣಿಯಲ್ಲಿಟ್ಟು ಮಾಡಿನ ಮೇಲೆ ಎಸೆದಿದ್ದರಾ, ಕೇಳಿ ನೋಡಿ.

ನಾನು ಶಿರಸಿಯಲ್ಲಿ ಬೆಳೆದವಳು. ಮಾರಿಕಾಂಬೆ ಜಾತ್ರೆ ಇಲ್ಲದ ವರ್ಷ ಹೋಳಿ ಹಬ್ಬಕ್ಕೆ ಮುಂಚಿನ ರಾತ್ರಿಗಳಲ್ಲಿ ನಮ್ಮಲ್ಲಿ ಬೇಡರ ವೇಷ. ಮುಖದ ತುಂಬ ಬಣ್ಣ, ಬೆನ್ನಿಗೆ ನವಿಲುಗರಿ, ಕೈಯಲ್ಲಿ ಕತ್ತಿ, ಗುರಾಣಿ. ಸೊಂಟಕ್ಕೆ ಕಟ್ಟಿದ ಹಗ್ಗವನ್ನು ಹಿಂದಿನಿಂದ ಇಬ್ಬರು ಎಳೆದು ಹಿಡಿದಿರುತ್ತಾರೆ. ತಮಟೆ ಬಡಿತದ ಸದ್ದು ಹತ್ತಿರ ಬಂದರೆ ಸಾಕು, ನಾನು ಅಜ್ಜಿಯ ಸೆರಗಿನೊಳಗೆ. ಒಂದು ಸಲ ಬೇಡ ನಮ್ಮ ಜಗುಲಿ ಎದುರಿಗೇ ಕುಣಿದ. ಅವನ ಎಡಗಾಲಿನ ಹೆಬ್ಬೆರಳಿಗೆ ಉಗುರಿರಲಿಲ್ಲ. ನಮ್ಮನೆಗೆ ಹಾಲು ಹಾಕುವವನಿಗೂ ಇರಲಿಲ್ಲ! ಬೆಳಿಗ್ಗೆ ಅವನು ಬಂದಾಗ ಕಿವಿಯ ಹಿಂದೆ ಬಣ್ಣ ಹಾಗೇ ಇತ್ತು. ನಾನು ಯಾರಿಗೂ ಹೇಳಲಿಲ್ಲ. ಮುಂದಿನ ಸಲ ವೇಷ ಬಂದಾಗ ಮತ್ತೆ ಸೆರಗಿಗೇ ಓಡಿದೆ. ಗೊತ್ತಿದ್ದೂ ಹೆದರುವುದು ಎಂಥ ಮಜಾ ಅಲ್ವಾ!

ನನ್ನ ತಮ್ಮನಿಗೆ ಮಾತ್ರ ಆ ಮಜಾ ಸಿಗಲಿಲ್ಲ. 'ಉಣ್ಣದಿದ್ದರೆ ಬೇಡ ಹೊತ್ಕೊಂಡು ಹೋಗ್ತಾನೆ' ಅಂತ ಚಿಕ್ಕಮ್ಮ ದಿನಾ ಹೇಳಿ ಹೇಳಿ, ಅವನು ತಿಂಗಳುಗಟ್ಟಲೆ ಹಾಸಿಗೆ ಒದ್ದೆ ಮಾಡಿದ. ಹಾಗಾಗಿ 'ಹೋಮ್‌ವರ್ಕ್ ಮಾಡದಿದ್ದರೆ ಸಾಂತಾ ಬರಲ್ಲ' ಅನ್ನುವ ಮಾತು ಮಾತ್ರ ಬೇಡ.

ಉಡುಗೊರೆ ಸಣ್ಣದಿರಲಿ. ಇದು ನಾನು ಎಡವಿ ಕಲಿತದ್ದು. ಮಗನಿಗೆ ಸಾಂತಾ ಹೆಸರಲ್ಲಿ ರಿಮೋಟ್ ಕಾರು ಕೊಟ್ಟಿದ್ದೆ. ಮನೆಗೆಲಸಕ್ಕೆ ಬರುತ್ತಿದ್ದವರ ಮಗಳು ಅದನ್ನು ನೋಡಿ, 'ನಮ್ಮನೆಗೆ ಯಾಕೆ ಬರಲಿಲ್ಲ?' ಅಂದಳು. ನಾನು ಸುಮ್ನೆ ಒಳಗೆ ಹೋದೆ. ಮಾರನೇ ವರ್ಷದಿಂದ ಇಬ್ಬರಿಗೂ ಒಂದೊಂದು ಕಿತ್ತಳೆ, ಬಣ್ಣದ ಪೆನ್ಸಿಲ್. ಜಾಸ್ತಿ ಬೆಲೆಯದ್ದೇನಿದ್ದರೂ ಅಪ್ಪ ಅಮ್ಮನ ಹೆಸರಲ್ಲೇ ಕೊಡಿ.

ಮಗಳು 'ನಿಜವಾಗ್ಲೂ ಇದ್ದಾನಾ?' ಅಂತ ಕೇಳಿದರೆ 'ನಿನಗೇನನ್ಸುತ್ತೆ?' ಅಂತ ಒಮ್ಮೆ ಕೇಳಿ. ಬಿಡದೆ ಮತ್ತೆ ಕೇಳಿದಳೋ, ಹೇಳಿಬಿಡಿ. ಅಲ್ಲಿಂದಾಚೆ ಎಳೆದರೆ ಅದು ಯಜಮಾನರು ಹೇಳುವ ಸುಳ್ಳೇ. ಜೊತೆಗೆ ಈ ಸಾಂತಾ ತಾತನಿಗೆ ಮೂಲವಾದ ಸಂತ ನಿಕೋಲಸನ ಕಥೆಯನ್ನೂ ಹೇಳಿ. ಈಗಿನ ಟರ್ಕಿಯಲ್ಲಿರುವ ಮೈರಾದಲ್ಲಿ 4ನೇ ಶತಮಾನದಲ್ಲಿ ಬಿಷಪ್ ಆಗಿದ್ದವನು. ಬಡವನೊಬ್ಬನ ಮೂವರು ಹೆಣ್ಣುಮಕ್ಕಳ ಮದುವೆಗೆಂದು ರಾತ್ರಿ ಗುಟ್ಟಾಗಿ ಹೊನ್ನಿನ ಗಂಟು ಎಸೆದು ಹೋದನಂತೆ. ಕೇಳಿದ ಮೇಲೆ ಮಗಳೇ ಅಪ್ಪನ ಚಪ್ಪಲಿಯಲ್ಲಿ ಏನಾದರೂ ಬಚ್ಚಿಡಲಿ, ಯಜಮಾನರೂ ಒಂದು ಸಲ ಮೋಸ ಹೋಗಲಿ.

ಹಾಂ, ಚೀಟಿ ಇಟ್ಟರೆ ನಿಮ್ಮ ಅಕ್ಷರದಲ್ಲಿ ಬರೆಯಬೇಡಿ. ನನ್ನ ಮಗ ನನ್ನನ್ನು ಹಿಡಿದದ್ದು ಅಲ್ಲೇ: 'ಅಮ್ಮಾ, ಸಾಂತಾಗೂ ನಿನ್ನ ಹಾಗೇ ಳ ಬರೆಯೋಕೆ ಬರಲ್ಲ!'