ಕ್ಯಾರಿಯರ್ ಅಲ್ಯೂಮಿನಿಯಂನಲ್ಲೇ ಮಾಡಿ, ಟ್ರೇಲರ್ ಕೊಂಡಿ ಮಾತ್ರ ಬೇಡ

ಅಲ್ಯೂಮಿನಿಯಂ ಹಗುರ, ತುಕ್ಕು ಹಿಡಿಯುವುದಿಲ್ಲ, ಆದ್ದರಿಂದ ಸೈಕಲ್ಲಿನ ಕ್ಯಾರಿಯರನ್ನೂ ಟ್ರೇಲರ್ ಎಳೆಯುವ ಕೊಂಡಿಯನ್ನೂ ಅದರಲ್ಲೇ ಮನೆಯಲ್ಲಿ ಮಾಡಿಕೊಳ್ಳಬಹುದೇ ಎಂದು ಕೇಳಿದ್ದೀರಿ. ನಾನೂ ಇದೇ ಎರಡು ಕಾರಣ ಹಿಡಿದು ಹೊರಟವನು.

ಕಟಪಾಡಿಯಿಂದ ಉಡುಪಿಗೆ ಮಟ್ಟುಗುಳ್ಳ ಬದನೆ ಸಾಗಿಸಲು ನನಗೆ ಟ್ರೇಲರ್ ಬೇಕಿತ್ತು. ಗುಜರಿ ಅಂಗಡಿಯಲ್ಲಿ 6 ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ಪಟ್ಟಿ ಸಿಕ್ಕಿತು. ವೈಸಿನಲ್ಲಿ ಕಚ್ಚಿಸಿ, ಸುತ್ತಿಗೆಯಿಂದ ಬಡಿದು ಲಂಬಕೋನಕ್ಕೆ ಬಗ್ಗಿಸಿದೆ. ಬಗ್ಗಿದ ಜಾಗದ ಪಕ್ಕದಲ್ಲೇ ಬೋಲ್ಟಿಗೆ ತೂತು ಕೊರೆದು, ಹಿಂದಿನ ಚಕ್ರದ ಅಚ್ಚಿಗೆ ಎಡಗಡೆ ಬಿಗಿದೆ. ಗುಳ್ಳದ ಹಂಗಾಮು ಮುಗಿಯುವ ಮೊದಲೇ, ಉದ್ಯಾವರದ ಹತ್ತಿರ ರಾಷ್ಟ್ರೀಯ ಹೆದ್ದಾರಿ 66ರ ಬದಿಯಲ್ಲಿ ಅದು ತುಂಡಾಯಿತು. ಟ್ರೇಲರಿನ ಮೂಗು ನೆಲಕ್ಕೆ ಊರಿ ಗಾಡಿ ಮಗುಚಿತು, ಗುಳ್ಳಗಳು ರಸ್ತೆಗೆ ಉರುಳಿದವು. ಹಿಂದೆ ಬರುತ್ತಿದ್ದ ಸ್ಕೂಟರಿನವರು ಸಮಯಕ್ಕೆ ಸರಿಯಾಗಿ ಬ್ರೇಕ್ ಹಾಕಿದರು. ಅದನ್ನು ನೆನೆದರೆ ಈಗಲೂ ಎದೆ ನಡುಗುತ್ತದೆ.

ತುಂಡಾದ ಮುಖವನ್ನು ಬೆಳಕಿಗೆ ಹಿಡಿದು ನೋಡಿದೆ. ಅರ್ಧ ಭಾಗ ನಯವಾಗಿ ಕಪ್ಪಿಟ್ಟಿತ್ತು, ಇನ್ನರ್ಧ ಸಕ್ಕರೆ ಹರಳಿನಂತೆ ಹೊಳೆಯುತ್ತಿತ್ತು. ಕಪ್ಪಿಟ್ಟದ್ದು ಹಳೆಯ ಬಿರುಕು. ಅದು ಬಗ್ಗಿಸಿದ ಜಾಗದ ಹೊರಮೈಯಲ್ಲಿ ಹುಟ್ಟಿ, ತೂತಿನ ಕಡೆಗೆ ದಿನದಿನವೂ ಹರಿದುಬಂದಿತ್ತು. ಹೊಳೆಯುವ ಭಾಗ ಮಾತ್ರ ಆ ದಿನ ಮುರಿದದ್ದು.

ಇದನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ನೀವೂ ಇದನ್ನೇ ಮಾಡಲು ಹೊರಟಿದ್ದೀರಿ. ಗಟ್ಟಿ ಜಾತಿಯ ಅಲ್ಯೂಮಿನಿಯಂ, ಉದಾಹರಣೆಗೆ 6061-ಟಿ6, ತಣ್ಣಗಿರುವಾಗ ಚೂಪಾಗಿ ಬಗ್ಗುವುದಿಲ್ಲ. ಬಗ್ಗಿದಂತೆ ಕಂಡರೂ ಹೊರಮೈಯಲ್ಲಿ ಕೂದಲೆಳೆಯಷ್ಟು ಸೀಳು ಬಿಡುತ್ತದೆ. ಪಟ್ಟಿಯ ದಪ್ಪದ ಮೂರು ನಾಲ್ಕು ಪಟ್ಟಾದರೂ ತ್ರಿಜ್ಯ ಇಟ್ಟು, ದುಂಡಗೆ ಬಗ್ಗಿಸಬೇಕು. ನಾನು ವೈಸಿನ ಅಂಚಿಗೇ ಬಗ್ಗಿಸಿದ್ದೆ. ಅದು ಸಾಲದೆಂಬಂತೆ ತೂತನ್ನೂ ಅಲ್ಲೇ ಕೊರೆದೆ. ತೂತಿನ ಅಂಚಿನಲ್ಲಿ ಒತ್ತಡ ಹೆಚ್ಚುತ್ತದೆ. ಬಾಗು ಮತ್ತು ತೂತು ಎರಡನ್ನೂ ಒಂದೇ ಕಡೆ ಇಟ್ಟು, ಲೋಹಕ್ಕೆ ಮುರಿಯುವ ಜಾಗವನ್ನು ನಾನೇ ಗುರುತು ಹಾಕಿ ಕೊಟ್ಟಂತಾಯಿತು. ಇನ್ನು ಕೊಂಡಿಯ ಕೆಲಸವೇ ಅಂತಹದು. ಪ್ರತಿ ಪೆಡಲ್ ತುಳಿತಕ್ಕೆ ಒಂದು ಜಗ್ಗು, ಪ್ರತಿ ಬ್ರೇಕಿಗೆ ಒಂದು ನೂಕು, ಪ್ರತಿ ಹೊಂಡಕ್ಕೆ ಒಂದು ಕುಕ್ಕು. ಉಕ್ಕಿಗೆ ಒಂದು ಮಿತಿಯಿದೆ. ಅದರ ಕೆಳಗಿನ ಒತ್ತಡ ಎಷ್ಟು ಸಲ ಬಿದ್ದರೂ ಅದು ದಣಿಯುವುದಿಲ್ಲ. ಅಲ್ಯೂಮಿನಿಯಂಗೆ ಅಂತಹ ಮಿತಿ ಇಲ್ಲ, ಸಣ್ಣ ಜಗ್ಗೂ ಲೆಕ್ಕಕ್ಕೆ ಸೇರುತ್ತಲೇ ಹೋಗುತ್ತದೆ.

ಹಾಗಾಗಿ ಕೊಂಡಿಯನ್ನು ಉಕ್ಕಿನಲ್ಲೇ ಮಾಡಿಸಿ. 10 ಸೆಂಟಿಮೀಟರ್ ಉದ್ದ, 4 ಸೆಂಟಿಮೀಟರ್ ಅಗಲ, 6 ಮಿಲಿಮೀಟರ್ ದಪ್ಪದ ತುಂಡಿಗೆ ಅಲ್ಯೂಮಿನಿಯಂ ಸುಮಾರು 65 ಗ್ರಾಂ, ಉಕ್ಕು ಸುಮಾರು 190 ಗ್ರಾಂ. ಹಿಂದೆ 30 ಕಿಲೋ ಎಳೆಯುವವರಿಗೆ ಈ ಉಳಿತಾಯ ಯಾವ ಲೆಕ್ಕ? ರೆಡ್ ಆಕ್ಸೈಡ್ ಬಳಿದು ಮೇಲೆ ಬಣ್ಣ ಹಚ್ಚಿದರೆ ತುಕ್ಕಿನ ಚಿಂತೆಯೂ ಕಡಿಮೆ. ಕೊಂಡಿ ಮುರಿದರೂ ಟ್ರೇಲರ್ ಕಳಚಿಹೋಗದಂತೆ ಫ್ರೇಮಿಗೆ ಗಟ್ಟಿಯಾದ ನೈಲಾನ್ ಬೆಲ್ಟ್ ಒಂದನ್ನು ಕಟ್ಟಲೇಬೇಕು. ನಾನು ಕಟ್ಟಿರಲಿಲ್ಲ.

ಕ್ಯಾರಿಯರನ್ನು ಧೈರ್ಯವಾಗಿ ಅಲ್ಯೂಮಿನಿಯಂನಲ್ಲಿ ಮಾಡಿ. ಕಿಟಕಿ ಮಾಡುವವರ ಬಳಿ ಸಿಗುವ ತೆಳು ಸೆಕ್ಷನ್ ಬೇಡ, 2 ಮಿಲಿಮೀಟರ್ ಗೋಡೆಯ ಚೌಕ ಪೈಪ್ ಕೇಳಿ. ಕಾಲುಗಳು ನೇರವಾಗಿ ಅಚ್ಚಿನ ಬಳಿಗೆ ಇಳಿದು ತ್ರಿಕೋನವಾಗಲಿ. ಬೆಸುಗೆ ಹಾಕಿಸಬೇಡಿ, ಆ ಬಿಸಿಗೆ ಸುತ್ತಲಿನ ಲೋಹ ಮೆತ್ತಗಾಗುತ್ತದೆ. ಬೋಲ್ಟು ಹಾಕಿ ನೈಲಾಕ್ ನಟ್ಟಿನಿಂದ (ಒಳಗೆ ನೈಲಾನ್ ಬಳೆಯಿರುವ, ಸುಲಭವಾಗಿ ಸಡಿಲವಾಗದ ನಟ್ಟು) ಬಿಗಿದರೆ ಸಾಕು.

ತುಕ್ಕು ಹಿಡಿಯುವುದಿಲ್ಲ ಎನ್ನುವುದು ನಮ್ಮ ಕರಾವಳಿಯಲ್ಲಿ ಅರ್ಧ ಸತ್ಯ. ಮಲ್ಪೆಯಲ್ಲಾಗಲಿ ಪಣಂಬೂರಿನಲ್ಲಾಗಲಿ ಉಪ್ಪುಗಾಳಿಗೆ ನಿಂತ ಸೈಕಲ್ಲಿನಲ್ಲಿ ಉಕ್ಕಿನ ಬೋಲ್ಟು ಅಲ್ಯೂಮಿನಿಯಂಗೆ ತಾಗಿದರೆ, ಸುತ್ತ ಬಿಳಿ ಪುಡಿ ಏಳುತ್ತದೆ. ಅದು ಅಲ್ಯೂಮಿನಿಯಂ ಸವೆಯುತ್ತಿರುವ ಗುರುತು. ಸ್ಟೇನ್‌ಲೆಸ್ ಬೋಲ್ಟಾದರೂ ನಡುವೆ ನೈಲಾನ್ ವಾಷರ್ ಇಡಿ, ಗ್ರೀಸ್ ಸವರಿ, ಸಮುದ್ರದ ಕಡೆ ಹೋಗಿಬಂದ ದಿನ ಸಿಹಿನೀರಿನಲ್ಲಿ ತೊಳೆಯಿರಿ.

ಮುಂದೆ ಮಗುವನ್ನೂ ಟ್ರೇಲರಿನಲ್ಲಿ ಕೂರಿಸಬಹುದೇ ಎಂದು ಕೊನೆಯಲ್ಲಿ ಕೇಳಿದ್ದೀರಿ. ಬೇಡ. ಮನೆಯಲ್ಲಿ ಮಾಡಿದ ಕೊಂಡಿ ಉಕ್ಕಿನದೇ ಆಗಿರಲಿ, ಅದಕ್ಕೆ ತರಕಾರಿ, ಗೊಬ್ಬರ, ನೀರಿನ ಕ್ಯಾನ್ ಮಾತ್ರ ಕಟ್ಟಿ.