ಶಿಕ್ಷಕರ ಸಂಘಕ್ಕೆ ಸರ್ಕಾರದಲ್ಲಿ ನಿಜಕ್ಕೂ ಬೆಲೆ ಇದೆಯಾ, ಇಲ್ಲ ಬರೀ ರಾಜಕೀಯವಾ?

ಈಗಷ್ಟೇ ಪ್ರಾಥಮಿಕ ಶಾಲೆಗೆ ಶಿಕ್ಷಕಿಯಾಗಿ ಸೇರಿದ್ದೀನಿ, ಸಂಘದ ಸದಸ್ಯತ್ವಕ್ಕೆ ದುಡ್ಡು ಕಟ್ಟಿ ಅಂತಿದ್ದಾರೆ, ಇವರ ಮಾತು ಮೇಲೆ ನಡೆಯುತ್ತಾ ಅಂತ ಕೇಳಿದ್ದೀರಿ. ನಡೆಯುತ್ತೆ ಮೇಡಂ. ಆದರೆ ನೀವಂದುಕೊಂಡ ಕಡೆ ಅಲ್ಲ.

ನಾನು ಹಾವೇರಿ ಜಿಲ್ಲೆಯಲ್ಲಿ 34 ವರ್ಷ ಮಾಸ್ತರಿಕೆ ಮಾಡಿ 2021ರಲ್ಲಿ ನಿವೃತ್ತನಾದೆ. ಐದು ವರ್ಷ ತಾಲ್ಲೂಕು ಸಂಘದಲ್ಲಿ ನಿರ್ದೇಶಕನೂ ಆಗಿದ್ದೆ. ಇಷ್ಟೆಲ್ಲ ಆದರೂ ವಿಧಾನ ಪರಿಷತ್ತಿನ ಶಿಕ್ಷಕರ ಕ್ಷೇತ್ರಕ್ಕೆ, ಅಂದರೆ ಮಾಸ್ತರರೇ ಓಟು ಹಾಕಿ ಎಂಎಲ್‌ಸಿ ಆರಿಸುವ ಕ್ಷೇತ್ರಕ್ಕೆ, ಒಂದೇ ಒಂದು ಸಲವೂ ಓಟು ಹಾಕಿಲ್ಲ. ಹಾಕೋ ಹಾಗೇ ಇಲ್ಲ. ಸಂವಿಧಾನದ 171ನೇ ವಿಧಿ ಪ್ರಕಾರ ಪ್ರೌಢಶಾಲೆಗಿಂತ ಕೆಳಗಿನ ಹಂತದಲ್ಲಿ ಪಾಠ ಮಾಡುವವರು ಆ ಕ್ಷೇತ್ರದ ಮತದಾರರಲ್ಲ. ನೀವೂ ಅಲ್ಲ. ಪದವಿ ಮುಗಿಸಿ ಮೂರು ವರ್ಷ ಆಗಿದ್ದರೆ ಪದವೀಧರರ ಕ್ಷೇತ್ರಕ್ಕೆ ಹೆಸರು ಸೇರಿಸಬಹುದು, ಅಷ್ಟೇ. ನಮ್ಮ ಪರಿಷತ್ತಿನ 75 ಸ್ಥಾನಗಳಲ್ಲಿ 7 ಶಿಕ್ಷಕರ ಕ್ಷೇತ್ರದವು. ಆದರೆ ಸರ್ಕಾರಿ ಮಾಸ್ತರರಲ್ಲಿ ದೊಡ್ಡ ಗುಂಪಾದ ಪ್ರಾಥಮಿಕದವರೇ ಆ ಲೆಕ್ಕದಿಂದ ಹೊರಗೆ. ನಮಗೂ ಓಟು ಕೊಡಿ ಅನ್ನುವುದು ಬಹಳ ಹಳೆಯ ಬೇಡಿಕೆ. ಅದಕ್ಕೆ ಸಂವಿಧಾನವನ್ನೇ ತಿದ್ದಬೇಕು. ಅದು ಇನ್ನೂ ಆಗಿಲ್ಲ.

ಓಟಿರುವ ಹೈಸ್ಕೂಲು, ಕಾಲೇಜಿನವರ ಕಥೆ ಬೇರೆ. ಒಂದು ಕ್ಷೇತ್ರದಲ್ಲಿ ಮತದಾರರು ಹೆಚ್ಚುಕಡಿಮೆ 20 ಸಾವಿರ. ಅಷ್ಟು ಜನರನ್ನು ಹೆಸರು ಹಿಡಿದು ಮಾತಾಡಿಸಬಹುದು, ಮದುವೆ ಮುಂಜಿಗೂ ಹೋಗಿಬರಬಹುದು. ನಮ್ಮ ಪಶ್ಚಿಮ ಶಿಕ್ಷಕರ ಕ್ಷೇತ್ರದ ಬಸವರಾಜ ಹೊರಟ್ಟಿಯವರನ್ನೇ ನೋಡಿ. ಹುಬ್ಬಳ್ಳಿಯಲ್ಲಿ ದೈಹಿಕ ಶಿಕ್ಷಣದ ಮಾಸ್ತರರಾಗಿದ್ದವರು. 1980ರಲ್ಲಿ ಮೊದಲ ಸಲ ಗೆದ್ದರು, 2022ರಲ್ಲಿ ಎಂಟನೇ ಸಲ. ಅಷ್ಟು ಹೊತ್ತಿಗೆ ಜನತಾ ಪರಿವಾರ ಬಿಟ್ಟು ಬಿಜೆಪಿಗೆ ಬಂದಿದ್ದರು. ಪಕ್ಷ ಬದಲಾಯಿತು, ಓಟು ಬದಲಾಗಲಿಲ್ಲ. ಬೆಂಗಳೂರಿನ ಪುಟ್ಟಣ್ಣನವರದು ಇನ್ನೂ ಮಜಾ. ಅದೇ ಶಿಕ್ಷಕರ ಕ್ಷೇತ್ರದಲ್ಲಿ ಜೆಡಿಎಸ್‌ನಿಂದ ಗೆದ್ದರು, 2020ರಲ್ಲಿ ಬಿಜೆಪಿಯಿಂದ ಗೆದ್ದರು, 2024ರ ಉಪಚುನಾವಣೆಯಲ್ಲಿ ಕಾಂಗ್ರೆಸ್‌ನಿಂದ ಗೆದ್ದರು. ನಡುವೆ 2023ರಲ್ಲಿ ರಾಜಾಜಿನಗರದಲ್ಲಿ ಎಂಎಲ್‌ಎ ಚುನಾವಣೆಗೆ ನಿಂತರು, ಅಲ್ಲಿ ಸೋತರು. ಮಾಸ್ತರರು ಪಕ್ಷ ನೋಡಿ ಓಟು ಹಾಕುವುದು ಕಡಿಮೆ. ಫೋನ್ ಮಾಡಿದರೆ ಎತ್ತುವವರು ಯಾರು ಅಂತ ನೋಡುತ್ತಾರೆ.

ಇನ್ನೊಂದು ವಿಷಯ, ನಗಬೇಡಿ. ಈ ಚುನಾವಣೆಯಲ್ಲಿ 1, 2, 3 ಅಂತ ಅಂಕಿ ಬರೆದು ಓಟು ಹಾಕಬೇಕು. ಪ್ರತಿ ಸಲ ಎಣಿಕೆಯಲ್ಲಿ ಒಂದಿಷ್ಟು ಮತ ಕುಲಗೆಟ್ಟು ಹೋಗುತ್ತವೆ. ಅಂಕಿ ಬರೆಯೋ ಜಾಗದಲ್ಲಿ ಟಿಕ್ ಹಾಕಿರುತ್ತಾರೆ. ಜೀವನಪೂರ್ತಿ ಉತ್ತರ ಪತ್ರಿಕೆ ತಿದ್ದಿದ ಕೈ, ಏನು ಮಾಡೋದು!

ಹಾಗಾದರೆ ಓಟಿಲ್ಲದ ಪ್ರಾಥಮಿಕ ಸಂಘಕ್ಕೆ ಬಲ ಎಲ್ಲಿಂದ ಬಂತು? ನನಗೆ ಅದು ತಿಳಿದದ್ದು ಒಂದು ಫೈಲಿನಿಂದ.

ಒಂದು ವರ್ಷ ನನ್ನ ವೇತನ ಬಡ್ತಿಯ ಅರಿಯರ್ಸ್ (ಹಿಂಬಾಕಿ) ಬಿಲ್ ಎಂಟು ತಿಂಗಳು ಹಾಗೇ ಕೂತಿತ್ತು. ಯಾವ ಕಚೇರಿ ಅಂತ ಹೇಳೋದು ಬೇಡ. ಹೋದಾಗೆಲ್ಲ ಸಾಹೇಬರು ಮೀಟಿಂಗು, ಇಲ್ಲ ಸೇವಾ ಪುಸ್ತಕ ಸಿಗುತ್ತಿಲ್ಲ. ಒಂದು ಸೋಮವಾರ ತಾಲ್ಲೂಕು ಸಂಘದ ಅಧ್ಯಕ್ಷರನ್ನು ಕರೆದುಕೊಂಡು ಹೋದೆ. ಅವರು ನನಗಿಂತ ಆರು ವರ್ಷ ಚಿಕ್ಕವರು. ಒಳಗೆ ಕಾಲಿಟ್ಟದ್ದೇ ತಡ, ಗುಮಾಸ್ತರು ಎದ್ದು ನಿಂತು "ಬರ್ರಿ ಅಧ್ಯಕ್ಷರ, ಕುಂದರ್ರಿ, ಚಾ ತರಸ್ಲೇನ್ರಿ" ಅಂದರು. ಅಧ್ಯಕ್ಷರು ಕೂರಲೇ ಇಲ್ಲ. "ಮಾಸ್ತರದು ಒಂದ್ ಬಿಲ್ ಐತಂತಲ್ರಿ" ಅಂದರು, ಅಷ್ಟೇ. ಎಂಟು ತಿಂಗಳು ಸಿಗದ ನನ್ನ ಸೇವಾ ಪುಸ್ತಕ ಅದೇ ಗುಮಾಸ್ತರ ಕುರ್ಚಿ ಮೇಲಿತ್ತು. ಎತ್ತರಕ್ಕೆ ಬೇಕು ಅಂತ ಮೂರು ಪುಸ್ತಕ ಜೋಡಿಸಿ ಮೇಲೆ ಟವೆಲ್ ಹಾಸಿಕೊಂಡಿದ್ದರು. ಹತ್ತು ದಿನದಲ್ಲಿ ದುಡ್ಡು ಬಂತು.

ಮುಂದಿನ ವರ್ಷ ಸಂಘದ ಚುನಾವಣೆ ಬಂತು. ಅಧ್ಯಕ್ಷರು ನಮ್ಮ ಮನೆಗೆ ಬಂದು "ನಮ್ಮ ಪ್ಯಾನೆಲ್ಲಿಗೆ ನೀವ ನಿಲ್ಲಬೇಕ್ರಿ ಮಾಸ್ತರ" ಅಂದರು. ಇಲ್ಲ ಅನ್ನೋಕೆ ನಾಲಿಗೆ ಬರಲಿಲ್ಲ. ನಾನು ನಿರ್ದೇಶಕನಾದದ್ದು ಹೀಗೆ. ಸಾವಿರಾರು ಫೈಲು, ಸಾವಿರಾರು ಋಣ. ಸಂಘದ ಬಂಡವಾಳ ಇದೇ.

ಈ ಬಂಡವಾಳದ ಮೇಲೆಯೇ ಶಾಸಕರಿಗೂ ಕಣ್ಣು. ನಿಯಮದ ಪ್ರಕಾರ ನಾವು ಪಕ್ಷ ಸೇರುವಂತಿಲ್ಲ, ಯಾರ ಪರವಾಗಿಯೂ ಪ್ರಚಾರ ಮಾಡುವಂತಿಲ್ಲ. 2021ರ ನಡತೆ ನಿಯಮದಲ್ಲೂ ಅದೇ ಇದೆ, ಅದಕ್ಕೂ ಹಿಂದಿನ 1966ರದ್ದರಲ್ಲೂ ಅದೇ ಇತ್ತು. ಹಾಗಂತ ಸೆಪ್ಟೆಂಬರ್ 5ಕ್ಕೆ, ಶಿಕ್ಷಕರ ದಿನಾಚರಣೆಗೆ, ಗುರುಭವನದ (ಶಿಕ್ಷಕರ ಸಭಾಭವನದ) ವೇದಿಕೆ ಮೇಲೆ ಯಾರನ್ನು ಕೂರಿಸಬೇಕು, ಯಾರಿಗೆ ದೊಡ್ಡ ಹಾರ ಹಾಕಬೇಕು ಅನ್ನೋದಕ್ಕೆ ನಿಯಮ ಇಲ್ಲವಲ್ಲ. ಊರೂರಿಗೂ ಒಬ್ಬ ಮಾಸ್ತರ, ಒಬ್ಬ ಅಕ್ಕೋರು (ನಮ್ಮ ಕಡೆ ಶಿಕ್ಷಕಿಗೆ ಹೀಗನ್ನುತ್ತಾರೆ) ಇರುತ್ತಾರೆ. ಅವರ ಮಾತು ಕಟ್ಟೆ ಮೇಲೆ ನಡೆಯುತ್ತೆ. ಇದು ಶಾಸಕರಿಗೆ ಗೊತ್ತು, ಸಂಘಕ್ಕೂ ಗೊತ್ತು.

ಜನಗಣತಿ, ಮತಗಟ್ಟೆ, ಸಮೀಕ್ಷೆ ಯಾವುದೂ ನಮ್ಮವರಿಲ್ಲದೆ ಸಾಗಲ್ಲ. 2025ರ ಜಾತಿ ಸಮೀಕ್ಷೆ ನೆನಪಿದೆ ಅಲ್ವಾ? ಕೆಲಸ ಮುಗಿಯಲಿಲ್ಲ ಅಂತ ಅಕ್ಟೋಬರ್ 18ರವರೆಗೆ ಸರ್ಕಾರಿ, ಅನುದಾನಿತ ಶಾಲೆಗಳಿಗೇ ರಜೆ ಕೊಟ್ಟರು.

ಹಿಂದೆ ಸಂಘದ ದೊಡ್ಡ ಅಸ್ತ್ರ ವರ್ಗಾವಣೆ. ಶಾಸಕರ ಪತ್ರ, ಸಂಘದವರ ಓಡಾಟ, ಎರಡೂ ಸೇರಿದರೆ ಊರು ಸಿಗುತ್ತಿತ್ತು. 2007ರ ವರ್ಗಾವಣೆ ಕಾಯ್ದೆ ಬಂದು ಕೌನ್ಸೆಲಿಂಗ್, ಅಂದರೆ ಪಟ್ಟಿಯ ಸರದಿಯಂತೆ ಎಲ್ಲರೆದುರು ಶಾಲೆ ಆರಿಸಿಕೊಳ್ಳುವ ಪದ್ಧತಿ, ಶುರುವಾದ ಮೇಲೆ ಆ ಅಂಗಡಿಗೆ ಅರ್ಧ ಬಾಗಿಲು ಬಿತ್ತು. ನನ್ನ ಪ್ರಕಾರ ಒಳ್ಳೆಯದೇ ಆಯಿತು. 2019ರಲ್ಲಿ ಕಡ್ಡಾಯ ವರ್ಗಾವಣೆ ಅಂತ ಪೇಟೆ ಸುತ್ತಮುತ್ತ ಇದ್ದವರನ್ನು ದೂರದ ಹಳ್ಳಿಗೆ ಎತ್ತಿ ಹಾಕಿದಾಗ ರಾಜ್ಯವೆಲ್ಲ ಗದ್ದಲ ಎದ್ದಿತು, 2020ರಲ್ಲಿ ಹೊಸ ಕಾಯ್ದೆಯೇ ಬಂತು. ಆ ಗದ್ದಲದಲ್ಲಿ ಸಂಘಕ್ಕೆ ಒಂದು ಮುಜುಗರವೂ ಇತ್ತು. ಸಂಘದ ಪದಾಧಿಕಾರಿಗಳಿಗೆ ವರ್ಗಾವಣೆಯಿಂದ ವಿನಾಯಿತಿ ಉಂಟು. ನೀವು ನಮ್ಮ ಕಷ್ಟ ಏನು ಬಲ್ಲಿರಿ ಅಂತ ಜನ ಮುಖಕ್ಕೇ ಕೇಳಿದರು.

ದೊಡ್ಡ ಹೊಡೆತ ಕೊಡಬೇಕಾದರೆ ನಮ್ಮ ಸಂಘ ಒಂದೇ ಸಾಲದು, ಎಲ್ಲ ಸರ್ಕಾರಿ ನೌಕರರ ಸಂಘದ ಜೊತೆ ನಿಲ್ಲಬೇಕು. 2023ರ ಮಾರ್ಚ್ 1ರಂದು ವೇತನ ಪರಿಷ್ಕರಣೆಗೆ ಅಂತ ಮುಷ್ಕರ. ಶಾಲೆ, ಆಸ್ಪತ್ರೆ, ಕಚೇರಿ ಎಲ್ಲ ಬಂದ್. ಅದೇ ದಿನ ಶೇ. 17ರಷ್ಟು ಮಧ್ಯಂತರ ಪರಿಹಾರದ ಆದೇಶ ಬಂತು, ಸಂಜೆಯೊಳಗೆ ಮುಷ್ಕರ ಮುಗಿಯಿತು. ಮೇ 10ಕ್ಕೆ ವಿಧಾನಸಭೆ ಚುನಾವಣೆ ಇತ್ತು ಅನ್ನೋದನ್ನು ಪಕ್ಕದಲ್ಲಿಟ್ಟು ಓದಿಕೊಳ್ಳಿ. ಮುಂದಿನ ವರ್ಷ, 2024ರ ಆಗಸ್ಟ್ 1ರಿಂದ ಏಳನೇ ವೇತನ ಆಯೋಗದ ಸಂಬಳ ಜಾರಿಯಾಯಿತು. ಸಂಬಳದ ವಿಷಯದಲ್ಲಿ ಸಂಘಗಳು ಕೆಲಸ ಮಾಡುತ್ತವೆ, ಅದರಲ್ಲಿ ಎರಡು ಮಾತಿಲ್ಲ.

ಪಿಂಚಣಿಯಲ್ಲಿ ಮಾತ್ರ ಸೋತಿದ್ದೇವೆ. ನಾನು ಹಳೇ ಪಿಂಚಣಿಯವನು, ತಿಂಗಳು ಹುಟ್ಟಿದರೆ ಬರುತ್ತೆ. 2006ರ ಏಪ್ರಿಲ್ 1ರಿಂದ ಈಚೆಗೆ ಸೇರಿದವರಿಗೆ ಎನ್‌ಪಿಎಸ್, ಅಂದರೆ ಸಂಬಳದಿಂದ ವಂತಿಗೆ ಕಟ್ಟುವ ಹೊಸ ಪಿಂಚಣಿ. ನಿಮಗೂ ಅದೇ. ಎನ್‌ಪಿಎಸ್ ನೌಕರರು ತಮ್ಮದೇ ಸಂಘ ಕಟ್ಟಿಕೊಂಡು 2023ರಲ್ಲಿ 'ವೋಟ್ ಫಾರ್ ಒಪಿಎಸ್' (ಹಳೇ ಪಿಂಚಣಿಗೆ ಓಟು) ಅಂತ ಮನೆಮನೆಗೆ ಹೋದರು. ಕಾಂಗ್ರೆಸ್ ಪ್ರಣಾಳಿಕೆಯಲ್ಲಿ ಸಹಾನುಭೂತಿಯಿಂದ ಪರಿಶೀಲಿಸುತ್ತೇವೆ ಅಂತ ಬಂತು. ಕಚೇರಿ ಭಾಷೆ ತಿಳಿದವರಿಗೆ 'ಪರಿಶೀಲನೆ' ಅಂದರೆ ಏನು ಅಂತ ಹೇಳಬೇಕಾಗಿಲ್ಲ. 2024ರ ಜನವರಿಯಲ್ಲಿ ಸುಮಾರು 13 ಸಾವಿರ ಜನರಿಗೆ ಹಳೇ ಪಿಂಚಣಿ ಸಿಕ್ಕಿತು. ಅವರೂ 2006ಕ್ಕೆ ಮೊದಲೇ ಅಧಿಸೂಚನೆ ಆಗಿ, ಆಮೇಲೆ ಕೆಲಸಕ್ಕೆ ಸೇರಿದವರು.

ನನಗೆ ಸಂಘದ ಮೇಲೆ ಬೇಜಾರಿರುವುದು ಬೇರೆ ಕಡೆ. ನಮ್ಮ ಶಾಲೆಯಲ್ಲಿ ಮೂರು ವರ್ಷ ಒಬ್ಬರು ಅತಿಥಿ ಶಿಕ್ಷಕಿ ಇದ್ದರು. ನನ್ನಷ್ಟೇ ಪಾಠ, ನನ್ನ ಸಂಬಳದ ಕಾಲುಭಾಗವೂ ಇಲ್ಲ, ಅದೂ ನಾಲ್ಕು ತಿಂಗಳಿಗೊಮ್ಮೆ. ಕಾರ್ಯಕಾರಿ ಸಮಿತಿಯಲ್ಲಿ ಒಮ್ಮೆ ಅವರ ವಿಷಯ ಎತ್ತಿದೆ. "ಅವರು ನಮ್ಮ ಸದಸ್ಯರಲ್ಲಲ್ರಿ" ಅಂದರು ಒಬ್ಬರು. ಮುಂದಿನ ವಿಷಯಕ್ಕೆ ಹೋದರು. ಮುಂದಿನ ವಿಷಯ ಕ್ರೀಡಾಕೂಟದ ಟೀ ಶರ್ಟಿನ ಬಣ್ಣ. ಆಮೇಲೆ ನಾನೂ ಸುಮ್ನಾದೆ, ಅದನ್ನೂ ಹೇಳಿಬಿಡುತ್ತೇನೆ.

ಹೆಣ್ಣುಮಕ್ಕಳ ವಿಷಯವೂ ಅಷ್ಟೇ. ನಮ್ಮ ತಾಲ್ಲೂಕಿನಲ್ಲಿ ಅರ್ಧಕ್ಕಿಂತ ಜಾಸ್ತಿ ಅಕ್ಕೋರುಗಳೇ. ಅಧ್ಯಕ್ಷ, ಪ್ರಧಾನ ಕಾರ್ಯದರ್ಶಿ, ಖಜಾಂಚಿ ಎಲ್ಲ ಗಂಡಸರು. ಉಪಾಧ್ಯಕ್ಷೆ ಒಬ್ಬರು, ಅವರಿಗೆ ಸ್ವಾಗತ ಭಾಷಣದ ಕೆಲಸ. ಚುನಾವಣೆ ಬಂದರೆ ಜಾತಿ ಲೆಕ್ಕ, ಹೋಬಳಿ ಲೆಕ್ಕ ಎಲ್ಲ ಹಾಕುತ್ತಾರೆ, ಈ ಲೆಕ್ಕ ಮಾತ್ರ ಯಾರಿಗೂ ಬರಲ್ಲ.

ಸದಸ್ಯತ್ವದ ದುಡ್ಡು ಕಟ್ಟಿ ಮೇಡಂ, ದೊಡ್ಡ ಮೊತ್ತವೇನಲ್ಲ. ರಸೀದಿ ಇಟ್ಟುಕೊಳ್ಳಿ, ಸಂಘದ ಮತದಾರರ ಪಟ್ಟಿಯಲ್ಲಿ ಹೆಸರು ಇದೆಯಾ ನೋಡಿಕೊಳ್ಳಿ. ಧೈರ್ಯ ಇದ್ದರೆ ನಾಲ್ಕೈದು ವರ್ಷ ಸರ್ವಿಸ್ ಆದ ಮೇಲೆ ನೀವೇ ನಿಲ್ಲಿ. ಒಂದು ಮಾತ್ರ ನೆನಪಿರಲಿ. ನಾಮಪತ್ರ ಹಾಕುವ ದಿನ ಯಾವುದು ಅಂತ ನಾಲ್ಕು ಜನರನ್ನು ಕೇಳಿ ಖಾತ್ರಿ ಮಾಡಿಕೊಳ್ಳಿ. ನಮ್ಮಲ್ಲಿ ಒಂದು ಸಲ ಇಬ್ಬರು ಅಕ್ಕೋರು ನಿಲ್ಲಬೇಕು ಅಂತ ಓಡಾಡುತ್ತಿದ್ದರು. ಆ ಸಲ ನೋಟಿಸನ್ನು ಗುರುಭವನದ ಒಳಗೋಡೆಗೆ ಅಂಟಿಸಿ, ಹೊರಗೆ ಬೀಗ ಹಾಕಿದ್ದರು.