ಕಯಾಕ್ ಏರಿ ಗಾಳ ಹಾಕುವ ಮುನ್ನ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಚಿಕ್ಕಂದಿನಿಂದಲೂ ಕೆರೆ ಏರಿಯ ಮೇಲೆ ಕೂತು ಗಾಳ ಹಾಕುವ ಅಭ್ಯಾಸ ನನಗಿದೆ. ಆದರೆ ದೊಡ್ಡ ಮೀನು ಏಳುವುದು ಯಾವಾಗಲೂ ಜೊಂಡಿನ ಆಚೆಗೆ, ನನ್ನ ದಾರ ತಲುಪದಷ್ಟು ದೂರದಲ್ಲಿ. ಹಾಗಾಗಿ ಒಂದು ಕಯಾಕ್, ಅಂದರೆ ಹುಟ್ಟು ಹಾಕಿ ನಡೆಸುವ ಕಿರಿದಾದ ಸಣ್ಣ ದೋಣಿ, ಕೊಳ್ಳಬೇಕೆಂದಿದ್ದೇನೆ. ಒಳಗೆ ಇಳಿದು ಕೂರುವುದು, ಮೇಲೆ ಕೂರುವುದು, ಗಾಳಿ ತುಂಬುವುದು ಎಂದು ಮೂರು ಬಗೆ ಇವೆಯಂತೆ. ನಮ್ಮ ಕಡೆಯ ನೀರಿಗೆ ಯಾವುದು ಸರಿ?
– ಓದುಗರು, ದಾವಣಗೆರೆ

ಉತ್ತರ: ಮೀನು ಹಿಡಿಯುವವರಿಗೆ ಮೇಲೆ ಕೂರುವ ಬಗೆಯ ಕಯಾಕೇ ಸರಿ ಎಂಬುದರಲ್ಲಿ ನಮಗೆ ಅನುಮಾನವಿಲ್ಲ. ಒಳಗೆ ಇಳಿದು ಕೂರುವ ಕಯಾಕ್ ಮಗುಚಿದರೆ ಅದರ ಹೊಟ್ಟೆಯೊಳಗೆಲ್ಲ ನೀರು ತುಂಬುತ್ತದೆ. ನಡುಕೆರೆಯಲ್ಲಿ ಅದನ್ನು ಖಾಲಿ ಮಾಡಿ ಮತ್ತೆ ಹತ್ತುವುದು ಪಳಗಿದವರಿಗೂ ಪ್ರಯಾಸದ ಕೆಲಸ. ಮೇಲೆ ಕೂರುವ ಕಯಾಕಿನದು ಸುತ್ತ ಮುಚ್ಚಿದ ಟೊಳ್ಳು ಒಡಲು. ಕೂರುವ ಜಾಗದಲ್ಲಿ ಆರಪಾರ ರಂಧ್ರಗಳಿರುವುದರಿಂದ ಮೇಲೆ ಬಿದ್ದ ನೀರು ತಾನಾಗಿಯೇ ಕೆಳಗೆ ಇಳಿದು ಹೋಗುತ್ತದೆ, ಮಗುಚಿದರೂ ಅದು ತೇಲುತ್ತಲೇ ಇರುತ್ತದೆ.

ಗಾಳಿ ತುಂಬುವ ಕಯಾಕನ್ನು ಮಡಿಚಿ ಕಾರಿನ ಡಿಕ್ಕಿಯಲ್ಲಿಡಬಹುದು, ಮಹಡಿ ಮನೆಯಲ್ಲಿರುವವರಿಗೆ ಅದು ಅನುಕೂಲವೂ ಹೌದು. ಆದರೆ ನಮ್ಮ ಜಿಲ್ಲೆಗಳ ಕೆರೆಯಂಗಳಗಳನ್ನು ಬಲ್ಲವರಿಗೆ ಬಳ್ಳಾರಿ ಜಾಲಿಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಬರದ ವರ್ಷಗಳಲ್ಲಿ ಅಂಗಳದ ತುಂಬ ಬೆಳೆದ ಜಾಲಿ, ಕೆರೆ ತುಂಬಿದಾಗ ಮುಳ್ಳಿನ ಸಮೇತ ನೀರಿನಡಿ ನಿಂತಿರುತ್ತದೆ. ಎಷ್ಟೇ ದಪ್ಪನೆಯ ಪಿವಿಸಿ ಹಾಳೆಯಾದರೂ ಆ ಮುಳ್ಳಿನ ಎದುರು ನೆಚ್ಚಿಕೊಳ್ಳುವಂಥದ್ದಲ್ಲ. ಆದ್ದರಿಂದ ಗಟ್ಟಿ ಪಾಲಿಥಿನ್‌ನಲ್ಲಿ ಒಂದೇ ಎರಕವಾಗಿ ಮಾಡಿದ್ದನ್ನೇ ಕೊಳ್ಳಿ.

ಅಳತೆಯ ವಿಚಾರಕ್ಕೆ ಬಂದರೆ, ಉದ್ದ 10ರಿಂದ 12 ಅಡಿ, ಅಗಲ 30ರಿಂದ 34 ಅಂಗುಲ ಇರುವುದು ಮೊದಲ ಕಯಾಕಿಗೆ ಹೊಂದುತ್ತದೆ. ಉದ್ದ ಹೆಚ್ಚಿದಷ್ಟೂ ನೇರವಾಗಿ, ಸಲೀಸಾಗಿ ಸಾಗುತ್ತದೆ. ಅಗಲ ಹೆಚ್ಚಿದಷ್ಟೂ ಅಲುಗಾಟ ಕಡಿಮೆಯಾಗುತ್ತದೆ, ಆದರೆ ಹುಟ್ಟು ಹಾಕುವ ತೋಳಿಗೆ ಶ್ರಮ ಹೆಚ್ಚುತ್ತದೆ. ಎಷ್ಟು ಭಾರ ಹೊರುತ್ತದೆ ಎಂದು ತಯಾರಕರು ಬರೆದಿರುವ ಅಂಕಿಯನ್ನು ಪೂರ್ತಿ ನಂಬದೆ, ಅದರ ಶೇಕಡ 70ರಷ್ಟನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ. ನಿಮ್ಮ ತೂಕ, ಸಾಮಾನು, ಕುಡಿಯುವ ನೀರು, ಹಿಡಿದ ಮೀನು ಎಲ್ಲವೂ ಆ ಮಿತಿಯೊಳಗೇ ಬರಬೇಕು. ಮಿತಿ ಮೀರಿದಾಗ ನೀರನ್ನು ಹೊರಹಾಕಬೇಕಾದ ರಂಧ್ರಗಳಿಂದಲೇ ನೀರು ಮೇಲೆ ಉಕ್ಕಿ ನೀವು ಕೂತಲ್ಲಿ ನಿಲ್ಲುತ್ತದೆ.

ಕಯಾಕಿನ ಸ್ವಂತ ತೂಕವನ್ನು ಮಾತ್ರ ಅನೇಕರು ಕೊಂಡ ಮೇಲೆ ಯೋಚಿಸುತ್ತಾರೆ. ಇಂಥ ಕಯಾಕುಗಳು ಸಾಮಾನ್ಯವಾಗಿ 25ರಿಂದ 40 ಕಿಲೋ ತೂಗುತ್ತವೆ. ಒಬ್ಬರೇ ಅದನ್ನು ಕಾರಿನ ನೆತ್ತಿಗೇರಿಸಿ, ಏರಿಯ ಇಳಿಜಾರಿನಲ್ಲಿ ನೀರಿನವರೆಗೆ ಒಯ್ಯಬಲ್ಲಿರಾ ಎಂಬುದನ್ನು ಅಂಗಡಿಯಲ್ಲೇ ಎತ್ತಿ ನೋಡಿ ತೀರ್ಮಾನಿಸಿ. ಮನೆಯಲ್ಲಿ ನೆರಳಿರುವ ಕಡೆ ಇಡಿ. ನಮ್ಮೂರಿನ ಏಪ್ರಿಲ್ ಬಿಸಿಲಿಗೆ ಒಂದೇ ಕಡೆ ಭಾರ ಬೀಳುವಂತೆ ಇಟ್ಟ ಪಾಲಿಥಿನ್ ತಳ ಸೊಟ್ಟಗಾಗುತ್ತದೆ.

ಪ್ರಶ್ನೆ: ಮೇಲೆ ಕೂರುವ ಕಯಾಕ್ ಕೊಂಡಾಗಿದೆ. ವಾಣಿವಿಲಾಸ ಸಾಗರದ ಹಿನ್ನೀರಿನಲ್ಲಿ ಇಳಿಯುವ ಆಸೆ. ಫಿಶ್ ಫೈಂಡರ್, ಬ್ಯಾಟರಿ ಮೋಟರು, ಗಾಳದ ಕೋಲು ನಿಲ್ಲಿಸಲು ನಾಲ್ಕು ರಾಡ್ ಹೋಲ್ಡರು, ಲಂಗರು ಎಂದು ಪಟ್ಟಿ ಬೆಳೆಯುತ್ತಲೇ ಇದೆ. ಮೊದಲು ಯಾವುದನ್ನು ಜೋಡಿಸಲಿ?
– ಓದುಗರು, ಹಿರಿಯೂರು

ಉತ್ತರ: ನೀವು ಬರೆದ ಪಟ್ಟಿಯಲ್ಲಿ ಲೈಫ್ ಜಾಕೆಟ್ಟೂ ಇಲ್ಲ, ಹುಟ್ಟೂ ಇಲ್ಲ. ದುಡ್ಡು ಖರ್ಚಾಗಬೇಕಾದದ್ದು ಮೊದಲು ಈ ಎರಡರ ಮೇಲೆ.

ಅಗಲವಾದ ಕಯಾಕಿಗೆ ಗಿಡ್ಡ ಹುಟ್ಟು ಹಿಡಿದರೆ ಪ್ರತಿ ಸಲವೂ ಬಾಗಬೇಕಾಗುತ್ತದೆ, ಬೆರಳ ಗೆಣ್ಣು ಅಂಚಿಗೆ ಬಡಿಯುತ್ತದೆ. 30 ಅಂಗುಲ ಮೀರಿದ ಅಗಲಕ್ಕೆ 240ರಿಂದ 260 ಸೆಂಟಿಮೀಟರ್ ಉದ್ದದ, ಎರಡೂ ತುದಿಗೆ ಅಲಗಿರುವ ಹುಟ್ಟು ಬೇಕು. ಅದನ್ನು ಒಂದು ಎಲಾಸ್ಟಿಕ್ ಹಗ್ಗದಿಂದ ಕಯಾಕಿಗೆ ಕಟ್ಟಿಡಿ. ದೊಡ್ಡ ಮೀನು ಕಚ್ಚಿದ ಗಡಿಬಿಡಿಯಲ್ಲಿ ಹುಟ್ಟು ನೀರಿಗೆ ಜಾರಿ, ಗಾಳಿ ಅದನ್ನು ಒಂದು ಕಡೆಗೂ ನಿಮ್ಮನ್ನು ಇನ್ನೊಂದು ಕಡೆಗೂ ಒಯ್ದರೆ ಕೈಯಲ್ಲಿರುವ ಮೀನಿನಿಂದ ಏನೂ ಪ್ರಯೋಜನವಿಲ್ಲ.

ರಾಡ್ ಹೋಲ್ಡರುಗಳು ಎರಡು ಸಾಕು, ಬೆನ್ನ ಹಿಂದೆ ಒಂದೊಂದು ಪಕ್ಕಕ್ಕೆ. ಹಿಂಬದಿಯ ಗುಂಡಿಯಲ್ಲಿ ಹಾಲಿನ ಕ್ರೇಟೊಂದನ್ನು ಬಿಗಿದರೆ ಡಬ್ಬಿ, ಇಕ್ಕಳ, ನೀರಿನ ಬಾಟಲಿ, ಕೈಬಲೆ ಎಲ್ಲಕ್ಕೂ ಜಾಗವಾಗುತ್ತದೆ. ಭಾರವಾದದ್ದು ತಳದಲ್ಲಿ, ಆದಷ್ಟು ನಡುವಿಗೆ ಬರಲಿ. ಮೊದಲ ಕೆಲವು ತಿಂಗಳು ಒಡಲಿಗೆ ಡ್ರಿಲ್ ಹಾಕಲೇಬೇಡಿ. ನಿಮ್ಮ ಕೈ ಎಲ್ಲಿಗೆ ಚಾಚುತ್ತದೆ, ಹುಟ್ಟು ಎಲ್ಲಿ ತಗಲುತ್ತದೆ ಎಂಬುದು ನೀರಿನಲ್ಲಿ ಕೂತ ಮೇಲಷ್ಟೇ ತಿಳಿಯುತ್ತದೆ. ಹಾಕಿದ ತೂತುಗಳಿಗೆ ರಬ್ಬರ್ ವಾಷರ್ ಮತ್ತು ಸೀಲಂಟ್ ಇಲ್ಲದಿದ್ದರೆ ಟೊಳ್ಳಿನೊಳಗೆ ನೀರು ಜಿನುಗುತ್ತದೆ. ಈ ನೀರು ಕಣ್ಣಿಗೆ ಕಾಣುವುದಿಲ್ಲ, ಕಯಾಕ್ ವಾಲಿದ ಕಡೆಗೇ ಅದೂ ಹರಿದು ವಾಲಿಕೆಯನ್ನು ಹೆಚ್ಚಿಸುತ್ತದೆ. ಪ್ರತಿ ಸಲ ಇಳಿಯುವ ಮುನ್ನ ತಳದ ಬಿರಡೆ ಬಿಗಿಯಾಗಿದೆಯೇ ನೋಡಿ. ದಡಕ್ಕೆ ಬಂದ ಮೇಲೆ ಅದೇ ಬಿರಡೆ ಬಿಚ್ಚಿ ಕಯಾಕನ್ನು ಓರೆ ಮಾಡಿ, ಎಷ್ಟು ನೀರು ಬರುತ್ತದೆಂದು ಗಮನಿಸಿ.

ಫಿಶ್ ಫೈಂಡರ್ ಕೆಟ್ಟದ್ದೆಂದು ನಾವು ಹೇಳುವುದಿಲ್ಲ, ಅದು ಧ್ವನಿಯ ಅಲೆಗಳನ್ನು ತಳಕ್ಕೆ ಕಳಿಸಿ ಮರಳಿದ ಸದ್ದಿನಿಂದ ಆಳವನ್ನೂ ತಳದ ರೂಪವನ್ನೂ ತೋರಿಸುತ್ತದೆ. ಆದರೆ ನಮ್ಮ ಕೆರೆಗಳಿಗೆ ಅದಕ್ಕಿಂತ ಒಳ್ಳೆಯ ಉಪಾಯವೊಂದಿದೆ. ಬೇಸಗೆಯಲ್ಲಿ ನೀರು ಇಳಿದಾಗ ಅಂಗಳದಲ್ಲಿ ನಡೆದಾಡಿ, ಹಳೆಯ ಬಾವಿ, ಹಳ್ಳದ ಪಾತ್ರ, ಬಂಡೆಗುಂಡು, ಒಣಗಿದ ಜಾಲಿಯ ಗುಂಪು ಎಲ್ಲೆಲ್ಲಿವೆ ಎಂದು ಮೊಬೈಲಿನ ನಕ್ಷೆಯಲ್ಲಿ ಗುರುತು ಮಾಡಿಕೊಳ್ಳಿ. ಮಳೆಗಾಲ ಕಳೆದು ನೀರು ತುಂಬಿದಾಗ ಮೀನು ಸೇರುವುದು ಹೆಚ್ಚಾಗಿ ಇಂಥ ಕಡೆಗಳಲ್ಲೇ. ಮೋಟರಿನ ಮಾತನ್ನು ಸದ್ಯಕ್ಕೆ ಬಿಡಿ: ತೋಳಿನಿಂದ ಮರಳಿ ಬರಲಾಗದಷ್ಟು ದೂರಕ್ಕೆ ಮೋಟರು ಒಯ್ದು, ಅಲ್ಲಿ ಬ್ಯಾಟರಿ ಮುಗಿದರೆ ಗತಿಯೇನು?

ನಿಮ್ಮ ಜಾಗದ ನಿಜವಾದ ಸಮಸ್ಯೆ ಗಾಳಿ. ವೇದಾವತಿಗೆ ಅಡ್ಡಲಾಗಿ ಎರಡು ಗುಡ್ಡಗಳ ನಡುವೆ 1907ರಲ್ಲಿ ಕಟ್ಟಿ ಮುಗಿಸಿದ ಮಾರಿಕಣಿವೆ (ಇದೇ ವಾಣಿವಿಲಾಸ ಸಾಗರ), 1933ರ ನಂತರ 2022ರಲ್ಲಿ ಮತ್ತೆ ಕೋಡಿ ಬಿದ್ದಾಗ ನೋಡಲು ಹೋದವರಿಗೆ ಅದರ ಹಿನ್ನೀರು ಎಷ್ಟು ದೂರ ಹರಡುತ್ತದೆಂಬುದು ಗೊತ್ತು. ಬಯಲು ನೀರು ಉದ್ದವಿದ್ದಷ್ಟೂ ಗಾಳಿ ಎಬ್ಬಿಸುವ ಅಲೆ ದೊಡ್ಡದಾಗುತ್ತದೆ. ಚಿತ್ರದುರ್ಗದ ಸುತ್ತಲ ಗುಡ್ಡಸಾಲುಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಪಡುವಣ ಗಾಳಿ ಇಲ್ಲಿ ಬಲವಾಗಿ ಬೀಸುತ್ತದೆ. ಹೊಸಬರು ಈ ತಿಂಗಳುಗಳಲ್ಲಿ ದೊಡ್ಡ ನೀರಿಗೆ ಇಳಿಯದಿರುವುದೇ ಲೇಸು. ಉಳಿದ ಕಾಲದಲ್ಲೂ ಬೆಳಗಿನ ಜಾವ ಇಳಿದು, ಬಿಸಿಲೇರಿ ಗಾಳಿ ಏಳುವ ಮುನ್ನ ದಡ ಸೇರಿ. ಹೋಗುವಾಗ ಗಾಳಿಗೆ ಎದುರಾಗಿ ಹೋದರೆ ದಣಿದು ಮರಳುವಾಗ ಅದೇ ಗಾಳಿ ಬೆನ್ನಿಗೆ ಬರುತ್ತದೆ. ಗಾಳಿಯ ವೇಗ ಗಂಟೆಗೆ 15 ಕಿಲೋಮೀಟರ್ ದಾಟುವ ಮುನ್ಸೂಚನೆಯಿದ್ದರೆ, ಅಥವಾ ಅಲೆಗಳ ನೆತ್ತಿಯಲ್ಲಿ ಬಿಳಿ ನೊರೆ ಕಂಡರೆ, ಅಂದು ಏರಿಯ ಮೇಲಿನ ಗಾಳವೇ ಸಾಕು. ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ ಗುಡುಗು ಕೇಳಿಸಿದೊಡನೆ ದಡಕ್ಕೆ ಹೊರಡಿ, ಬಯಲು ನೀರಿನ ನಡುವೆ ರಾಡ್ ಎತ್ತಿ ಕೂತವರೇ ಸಿಡಿಲಿಗೆ ಎಲ್ಲಕ್ಕಿಂತ ಎತ್ತರದ ಗುರಿಯಾಗುತ್ತಾರೆ.

ಪ್ರಶ್ನೆ: ಹರಿಹರದ ಬಳಿ ತುಂಗಭದ್ರೆಯಲ್ಲಿ, ಇಲ್ಲವೇ ಭದ್ರಾ ನಾಲೆಯಲ್ಲಿ ಕಲಿಯಬಹುದೇ?
– ಓದುಗರು, ಹರಿಹರ

ಉತ್ತರ: ನಾಲೆಯಲ್ಲಿ ಬೇಡವೇ ಬೇಡ. ಸಿಮೆಂಟಿನ ಇಳಿಜಾರು ಗೋಡೆಗೆ ಪಾಚಿ ಹಿಡಿದಿರುತ್ತದೆ, ನೀರಿಗೆ ಬಿದ್ದವರು ಹಿಡಿದು ಹತ್ತಲು ಏನೂ ಸಿಗುವುದಿಲ್ಲ. ಹೊಳೆಯಾದರೋ ನಿಂತ ನೀರಿನಲ್ಲಿ ಪಳಗಿದ ಮೇಲಿನ ಮಾತು. ಮೇಲಿನ ಅಣೆಕಟ್ಟುಗಳಿಂದ ನೀರು ಬಿಟ್ಟರೆ ಇಲ್ಲಿ ಮಳೆಯಿಲ್ಲದಿದ್ದರೂ ಹೊಳೆ ಏರುತ್ತದೆ. ಒಂದು ಎಚ್ಚರಿಕೆಯನ್ನು ಮಾತ್ರ ಈಗಲೇ ಹೇಳುತ್ತೇವೆ. ಹರಿಯುವ ನೀರಿನಲ್ಲಿ ಲಂಗರಿನ ಹಗ್ಗವನ್ನು ಕಯಾಕಿನ ನಡುವಿಗೆ ಎಂದೂ ಕಟ್ಟಬೇಡಿ. ಹಾಗೆ ಕಟ್ಟಿದರೆ ಕಯಾಕ್ ಸೆಳವಿಗೆ ಅಡ್ಡ ತಿರುಗುತ್ತದೆ, ನೀರು ತಾನು ಹರಿದು ಬರುವ ಕಡೆಯ ಅಂಚನ್ನು ಒತ್ತಿ ಕ್ಷಣದಲ್ಲಿ ಮಗುಚುತ್ತದೆ. ಹಗ್ಗ ಮೂತಿಯ ತುದಿಯಿಂದಲೋ ಹಿಂತುದಿಯಿಂದಲೋ ಇಳಿಯಬೇಕು, ಎಳೆದರೆ ಬಿಚ್ಚುವ ಗಂಟಿರಬೇಕು, ಕತ್ತರಿಸಲು ಚೂರಿ ಎದೆಯ ಬಳಿಯೇ ಇರಬೇಕು.

ಪ್ರಶ್ನೆ: ನಮ್ಮ ಯಜಮಾನರು ಭಾನುವಾರ ಬಂತೆಂದರೆ ಕಯಾಕ್ ಕಟ್ಟಿಕೊಂಡು ಒಬ್ಬರೇ ಹೊರಡುತ್ತಾರೆ. ಅವರಿಗೆ ಈಜು ಅಷ್ಟಕ್ಕಷ್ಟೆ. ಲೈಫ್ ಜಾಕೆಟ್ ಇದೆ, ಆದರೆ ಸೆಕೆ ಎಂದು ಅದನ್ನು ಸೀಟಿನ ಹಿಂದೆ ಸಿಕ್ಕಿಸಿರುತ್ತಾರೆ. ಅವರಿಗೆ ನೀವೇ ತಿಳಿಹೇಳಿ.
– ಓದುಗರು, ಚಿತ್ರದುರ್ಗ

ಉತ್ತರ: ತಾಯಿ, ಈ ಉತ್ತರವನ್ನು ಅವರ ಮುಂದೆಯೇ ಓದಿ. ಸೀಟಿನ ಹಿಂದಿರುವ ಜಾಕೆಟ್ ಕಯಾಕ್ ಮಗುಚಿದಾಗ ಕೈಗೆ ಸಿಗುವುದಿಲ್ಲ. ಸಿಕ್ಕರೂ ಕಾಲೂರಲಾಗದ ನೀರಿನಲ್ಲಿ ತೊಟ್ಟು ಬಕಲ್ ಹಾಕಿಕೊಳ್ಳುವುದು ಈಜು ಬಲ್ಲವರಿಗೂ ಕಷ್ಟ. ಸೆಕೆಯೇ ತೊಂದರೆಯಾದರೆ, ಬೆನ್ನ ಕೆಳಭಾಗದಲ್ಲಿ ಬರಿಯ ಬಲೆಯಿರುವ, ತೋಳಿನ ಕಡೆ ಅಗಲವಾಗಿ ತೆರೆದ ಜಾಕೆಟ್ಟುಗಳು ಸಿಗುತ್ತವೆ. ಆದರೆ ಈಜು ಅಷ್ಟಕ್ಕಷ್ಟೆ ಎಂದಿದ್ದೀರಿ. 50 ನ್ಯೂಟನ್ ತೇಲಿಸುವ ಬಲದ ಜಾಕೆಟ್ ಈಜು ಬಲ್ಲವರಿಗೆ ನೆರವಾಗುವಂಥದ್ದು. ಅವರಿಗೆ 100 ನ್ಯೂಟನ್‌ನದೇ ಇರಲಿ. ಭುಜದ ಪಟ್ಟಿ ಹಿಡಿದು ಮೇಲಕ್ಕೆ ಜಗ್ಗಿದಾಗ ಜಾಕೆಟ್ ಕಿವಿಯವರೆಗೆ ಏರಿದರೆ ಅದು ಸಡಿಲವೆಂದು ಅರ್ಥ. ಅದಕ್ಕೊಂದು ಸೀಟಿಯನ್ನೂ ಕಟ್ಟಿಡಿ.

ಇನ್ನು, ಅವರು ಕಯಾಕಿಗೆ ಮರಳಿ ಹತ್ತುವುದನ್ನು ಕಲಿತಿದ್ದಾರೆಯೇ ಎಂದು ಕೇಳಿ. ಎದೆಮಟ್ಟದ ನೀರಿನಲ್ಲಿ, ದಡದಲ್ಲಿ ಇನ್ನೊಬ್ಬರು ನಿಂತಿರುವಾಗ, ಬೇಕೆಂದೇ ಮಗುಚಿಕೊಂಡು ಕಲಿಯಬೇಕು. ಮಗುಚಿದ ಕಯಾಕಿನ ತಳದ ಮೇಲಿಂದ ಕೈ ಚಾಚಿ ಆಚೆಯ ಅಂಚನ್ನು ತಮ್ಮೆಡೆಗೆ ಎಳೆದರೆ ಅದು ಸರಿಯಾಗಿ ಹೊರಳುತ್ತದೆ. ಆಮೇಲೆ ನಡುಭಾಗದಲ್ಲಿ ಎರಡೂ ಕೈ ಊರಿ, ಕಾಲುಗಳನ್ನು ಹಿಂದೆ ನೀರಿನ ಮಟ್ಟಕ್ಕೆ ತಂದು, ಜೋರಾಗಿ ಒದೆಯುತ್ತ ಹೊಟ್ಟೆಯನ್ನು ಕಯಾಕಿಗೆ ಅಡ್ಡಲಾಗಿ ಎಳೆದುಕೊಳ್ಳಬೇಕು. ಹೊಕ್ಕುಳು ನಡುಗೆರೆಗೆ ಬಂದ ಮೇಲೆ ಮಗ್ಗುಲಾಗಿ ಹೊರಳಿ ಸೀಟಿನಲ್ಲಿ ಕೂತು ಕಾಲು ಒಳಗೆ ತಂದುಕೊಳ್ಳಬೇಕು. ಕಾಲು ಕೆಳಗೆ ಜೋತಾಡಿಸಿಕೊಂಡು ಬರಿ ತೋಳಿನ ಬಲದಿಂದ ಹತ್ತಲು ಹೋದವರ ಮೇಲೆ ಕಯಾಕ್ ಮತ್ತೆ ಮಗುಚುತ್ತದೆ. ಇದು ಸಲೀಸಾಗುವವರೆಗೆ ಅವರು ಒಬ್ಬರೇ ಹೋಗುವುದನ್ನು ನೀವು ತಡೆದರೆ ತಪ್ಪೇನಿಲ್ಲ. ಹೋದಾಗಲೂ ಯಾವ ದಡದಿಂದ ಇಳಿಯುತ್ತಾರೆ, ಎಷ್ಟು ಹೊತ್ತಿಗೆ ಮರಳುತ್ತಾರೆ ಎಂಬುದನ್ನು ನಿಮಗೆ ಹೇಳಿಯೇ ಹೋಗಲಿ, ಮೊಬೈಲ್ ನೀರು ನುಗ್ಗದ ಚೀಲದಲ್ಲಿ ಅವರ ಮೈಮೇಲೆಯೇ ಇರಲಿ.

ಪ್ರಶ್ನೆ: ಸೂಳೆಕೆರೆಯಲ್ಲಿ ಕಯಾಕ್ ಇಳಿಸಲು ಅನುಮತಿ ಬೇಕೇ? ಹರಿಗೋಲಿನಲ್ಲಿ ಬಲೆ ಹಾಕುವವರು ಆಕ್ಷೇಪಿಸಿದರೆ ಏನು ಮಾಡಬೇಕು?
– ಓದುಗರು, ಚನ್ನಗಿರಿ

ಉತ್ತರ: ಅವರು ಆಕ್ಷೇಪಿಸಿದರೆ ಅದರಲ್ಲಿ ನ್ಯಾಯವಿದೆ. ನಮ್ಮ ದೊಡ್ಡ ಕೆರೆಗಳಲ್ಲಿ ಮೀನು ಹಿಡಿಯುವ ಹಕ್ಕನ್ನು ಸರ್ಕಾರ ಗುತ್ತಿಗೆ ಅಥವಾ ಪರವಾನಗಿಯ ಮೇಲೆ ಕೊಡುತ್ತದೆ, ಅನೇಕ ಕಡೆ ಅದು ಮೀನುಗಾರರ ಸಹಕಾರ ಸಂಘಗಳ ಕೈಯಲ್ಲಿರುತ್ತದೆ. ಕಾಟ್ಲಾ, ರೋಹು ಮರಿಗಳನ್ನು ದುಡ್ಡು ಕೊಟ್ಟು ತಂದು ಬಿಟ್ಟು ಬೆಳೆಸಿದವರು ಅವರು. ಆದ್ದರಿಂದ ತಾಲ್ಲೂಕಿನ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ಮೀನಿನ ಹಕ್ಕು ಯಾರದೆಂದು ಕೇಳಿ, ದೋಣಿ ಇಳಿಸುವ ಬಗ್ಗೆ ನೀರಾವರಿ ಇಲಾಖೆಯವರನ್ನೂ ವಿಚಾರಿಸಿ, ಬಳಿಕ ಸಂಘದವರೊಡನೆ ಎದುರಾಎದುರು ಮಾತಾಡಿ. ದಾವಣಗೆರೆಯ ಕುಂದುವಾಡ ಕೆರೆಯಂಥ ಊರಿನ ಕುಡಿಯುವ ನೀರಿನ ಕೆರೆಗಳನ್ನು ಪಟ್ಟಿಯಿಂದಲೇ ತೆಗೆದುಬಿಡಿ.

ಹರಿಗೋಲಿನವರ ಸ್ನೇಹ ಬೇರೆ ಕಾರಣಕ್ಕೂ ಬೇಕು. ಸಂಜೆ ಬಿಟ್ಟ ಬಲೆ ಬೆಳಗ್ಗೆ ಎತ್ತುವವರೆಗೆ ನೀರಿನಲ್ಲೇ ಇರುತ್ತದೆ, ಅದರ ಗುರುತಿಗೆ ಇರುವುದು ಥರ್ಮೋಕೋಲ್ ತುಂಡೋ ಖಾಲಿ ಬಾಟಲಿಯೋ ಅಷ್ಟೆ. ಅಂಥ ಬೆಂಡುಗಳ ಸಾಲಿನ ಮೇಲೆ ಹಾಯಬೇಡಿ, ಅದರ ಬಳಿ ಲಂಗರು ಹಾಕಬೇಡಿ. ಬಲೆಯ ಮೇಲೆ ಮಗುಚಿದರೆ ತಂಗೂಸಿ ದಾರ ಕಾಲಿಗೆ ಸುತ್ತಿ ಬಿಡುವುದಿಲ್ಲ. ತೂಬಿನ ಹತ್ತಿರ ಮತ್ತು ಕೋಡಿ ಹರಿಯುವಾಗ ಕೋಡಿಯ ಹತ್ತಿರ ಸುಳಿಯಲೇಬೇಡಿ, ಮೇಲೆ ಶಾಂತವಾಗಿ ಕಂಡರೂ ಅಲ್ಲಿ ಒಳಸೆಳೆತವಿರುತ್ತದೆ.

ಹಿಡಿಯಲು ಒಪ್ಪಿಗೆ ಸಿಕ್ಕಿದರೆ ಜೊಂಡಿನ ಅಂಚಿನಲ್ಲಿ ಕೊರವ ಮೀನಿಗೆ ರಬ್ಬರ್ ಕಪ್ಪೆಯಿಂದ ಶುರು ಮಾಡಬಹುದು. ಕೊರವ ಗಾಳಿ ನುಂಗಲು ಆಗಾಗ ಮೇಲೆ ಬರುವುದರಿಂದ, ಸದ್ದಿಲ್ಲದೆ ಕೂತವರಿಗೆ ಅದರ ಜಾಗ ತಿಳಿಯುತ್ತದೆ. ಆದರೆ ಮಳೆಗಾಲದಲ್ಲಿ ಕೆಂಪನೆಯ ಮರಿಗಳ ದಂಡು ನೀರ ಮೇಲೆ ಗಿಜಿಗುಡುತ್ತಿದ್ದರೆ ತಾಯಿ ತಂದೆ ಮೀನು ಅಡಿಯಲ್ಲೇ ಕಾವಲಿರುತ್ತವೆ. ಅಲ್ಲಿ ಕಪ್ಪೆ ಎಸೆದರೆ ಸಿಟ್ಟಿಗೆ ಕಚ್ಚುವುದು ಖಂಡಿತ, ಆದರೆ ಕಾಯುವವರಿಲ್ಲದ ಆ ಮರಿಗಳನ್ನು ಉಳಿದ ಮೀನುಗಳು ತಿಂದು ಮುಗಿಸುತ್ತವೆ. ಅಂಥಲ್ಲಿ ಗಾಳ ಹಾಕದೆ ಮುಂದೆ ಸಾಗಿ.